ಮರವಿಲ್ಲದ ಹಡಗು

ಮಕ್ಕಳೇ, ಈ ವಾರ ನಾವು ನೋಡಹೊರಟಿರುವ ಹಡಗಿನ ಉದ್ದ 21.5 ಮೀಟರ್. ಎರಡು ದೊಡ್ಡ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅಗಲ ಮಾತ್ರ ಸುಮಾರು 3 ಮೀಟರ್. ಅದಕ್ಕೆ ಲಂಗರು ಇದೆ, ಲಂಗರಿಗೆ ಸರಪಳಿ ಇದೆ, ಸುಮಾರು 2000 ಕಬ್ಬಿಣದ ಮೊಳೆಗಳಿವೆ. ಇಲ್ಲದಿರುವುದು ಒಂದೇ, ಹಡಗಿನ ಮರ!

‘ಮರವೇ ಇಲ್ಲದ ಮೇಲೆ ಅದು ಹಡಗು ಹೇಗಾಯಿತು?’ ಎಂದು ಇದನ್ನು ಓದಿ ಹೇಳುತ್ತಿರುವ ಅಜ್ಜನನ್ನು ಪೀಡಿಸಬೇಡಿ. ಸ್ವಲ್ಪ ತಾಳಿ, ಅಲ್ಲಿಗೇ ಬರುತ್ತೇನೆ.

ಡೆನ್ಮಾರ್ಕ್ ದೇಶದಲ್ಲಿ ಫ್ಯೂನ್ ಎಂಬ ದ್ವೀಪವಿದೆ. ಕುರೂಪಿ ಬಾತುಮರಿಯ ಕಥೆ ಬರೆದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹುಟ್ಟಿದ ಓಡೆನ್ಸ ನಗರ ಇರುವುದು ಅಲ್ಲಿಯೇ. ಅದರ ಈಶಾನ್ಯಕ್ಕೆ ಕೆರ್ಟೆಮಿಂಡೆ ಎಂಬ ಕಡಲ ದಂಡೆಯ ಊರು. ಆ ಊರಿನ ಹತ್ತಿರ, ಹೊಲಗಳ ನಡುವೆ, ಲಾಡ್ಬಿ ಎಂಬ ಹಳ್ಳಿ. ಸಮುದ್ರದ ನೀರು ನೆಲದೊಳಕ್ಕೆ ತೋಳಿನಂತೆ ಚಾಚಿಕೊಂಡಿರುವುದಕ್ಕೆ ಆ ಕಡೆ ಫ್ಯೋರ್ಡ್ ಎನ್ನುತ್ತಾರೆ. ಅಂಥದೊಂದು ಫ್ಯೋರ್ಡಿನ ಪಕ್ಕದಲ್ಲಿ ಹುಲ್ಲು ಬೆಳೆದ ಒಂದು ದಿಬ್ಬ, ಅದರ ಬಳಿಯೇ ಒಂದು ಪುಟ್ಟ ವಸ್ತುಸಂಗ್ರಹಾಲಯ. ದೂರದಿಂದ ನೋಡಿದವರಿಗೆ ‘ಇಷ್ಟೇನಾ?’ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆ ದಿಬ್ಬ ಒಬ್ಬ ವೈಕಿಂಗ್ ಒಡೆಯನ ಸಮಾಧಿ. ಸುಮಾರು ಕ್ರಿ.ಶ. 800ರಿಂದ 1050ರವರೆಗೆ ಆ ಕಡಲುಗಳಲ್ಲಿ ಓಡಾಡಿದ ಜನರನ್ನು ವೈಕಿಂಗರು ಎನ್ನುತ್ತಾರೆ. ದೋಚಿದವರೂ ಹೌದು, ವ್ಯಾಪಾರ ಮಾಡಿದವರೂ ಹೌದು, ಊರಿನಲ್ಲಿ ಹೊಲ ಉತ್ತು ದನ ಸಾಕಿದವರೂ ಹೌದು. (ಕಾರ್ಟೂನಿನಲ್ಲಿ ಅವರ ಶಿರಸ್ತ್ರಾಣಕ್ಕೆ ಎರಡು ಕೊಂಬು ಇರುತ್ತವಲ್ಲ, ಅದು ಬಹಳ ಕಾಲದ ಮೇಲೆ ನಾಟಕದವರು ಅಂಟಿಸಿದ ಕೊಂಬು!) ಅವರಲ್ಲಿ ತೀರ ದೊಡ್ಡ ಮನುಷ್ಯ ಸತ್ತರೆ ಕೆಲವೊಮ್ಮೆ ಒಂದು ಇಡೀ ಹಡಗನ್ನೇ ದಡಕ್ಕೆ ಎಳೆದು ತಂದು, ಅದರಲ್ಲಿ ಅವನನ್ನು ಮಲಗಿಸಿ, ಬೇಕಾದ ಸಾಮಾನುಗಳನ್ನೆಲ್ಲ ಇಟ್ಟು, ಮೇಲೆ ಮಣ್ಣು ಪೇರಿಸುತ್ತಿದ್ದರು. ಲಾಡ್ಬಿಯಲ್ಲಿ ಇದು ನಡೆದದ್ದು ಸುಮಾರು 925ರಲ್ಲಿ.

ಸಾವಿರ ವರ್ಷ ದಾಟಿತು. 1935ರಲ್ಲಿ ಓಡೆನ್ಸದ ಪೌಲ್ ಹೆಲ್ವೆಗ್ ಮಿಕೆಲ್ಸೆನ್ ಎಂಬವರು ಇಲ್ಲಿ ಅಗೆಯತೊಡಗಿದರು. ಅವರ ಕಸುಬು ಔಷಧಿ ಅಂಗಡಿ, ಹುಚ್ಚು ಮಾತ್ರ ಹಳೆಯ ಕಾಲದ್ದು. ಅವರ ಜೊತೆಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗುಸ್ತಾವ್ ರೋಸೆನ್‌ಬರ್ಗ್ ಇದ್ದರು. ಮಣ್ಣು ಸರಿಸುತ್ತ ಹೋದಂತೆ ತುಕ್ಕು ಹಿಡಿದ ಮೊಳೆಗಳು ಕಂಡವು. ಒಂದಲ್ಲ, ಎರಡಲ್ಲ, ಸಾಲು ಸಾಲು.

ವೈಕಿಂಗರು ಹಡಗಿನ ಹಲಗೆಗಳನ್ನು ನಮ್ಮ ಮನೆಯ ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಕೂರುವಂತೆ ಜೋಡಿಸಿ, ಆ ಅಂಚಿನುದ್ದಕ್ಕೂ ಮೊಳೆ ಹೊಡೆಯುತ್ತಿದ್ದರು. ಮಣ್ಣಿನಡಿಯಲ್ಲಿ ಹಲಗೆ ನಿಧಾನವಾಗಿ ಕೊಳೆತು ಮಣ್ಣಾಯಿತು. ಮೊಳೆಗಳು ಎಲ್ಲಿಗೆ ಹೋಗಬೇಕು? ಸುತ್ತಲಿನ ಮಣ್ಣು ಹಿಡಿದುಕೊಂಡಿತ್ತಲ್ಲ, ಇದ್ದಲ್ಲೇ ಇದ್ದವು. ಅಜ್ಜಿ ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಟ್ಟು ಗೆರೆ ಎಳೆಯುವ ಮೊದಲೇ ಒಳಗೆ ಹೋದಳು ಎಂದುಕೊಳ್ಳಿ. ಬರೀ ಚುಕ್ಕಿ ನೋಡಿಯೇ ‘ಓ, ಇದು ಕಮಲ!’ ಎಂದು ಹೇಳುವವರು ಇರುತ್ತಾರಲ್ಲವೇ? ಹಾಗೆ ಮೊಳೆಗಳ ಚುಕ್ಕಿ ಹಿಡಿದು ಹೋದರೆ ಹಡಗಿನ ಹೊಟ್ಟೆಯ ಉಬ್ಬು, ಮೂತಿಯ ಚೂಪು ಎಲ್ಲ ಕಾಣುತ್ತದೆ. ಮಣ್ಣಿನ ಮೇಲೆ ಹಡಗಿನ ಅಚ್ಚೂ ಉಳಿದಿತ್ತು.

ಅಗೆದವರು ಮಾಡಿದ ಜಾಣತನದ ಕೆಲಸವೆಂದರೆ, ಆ ಮೊಳೆಗಳನ್ನು ಕಿತ್ತು ಕೊಂಡೊಯ್ಯದೇ ಇದ್ದದ್ದು. ಕಿತ್ತಿದ್ದರೆ ಕೈಗೆ ಬರುತ್ತಿದ್ದುದು ಬುಟ್ಟಿಗಟ್ಟಲೆ ತುಕ್ಕು. ಅದನ್ನು ಹಡಗು ಎಂದು ಯಾರು ಒಪ್ಪುತ್ತಿದ್ದರು? ಅದಕ್ಕೇ ಹಡಗನ್ನು ಅಲ್ಲೇ ಬಿಟ್ಟು, ಮೇಲೆ ಕಾಂಕ್ರೀಟ್ ಗುಮ್ಮಟ ಕಟ್ಟಿ, ಅದರ ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆಸಿದರು. ಹೊರಗಿನಿಂದ ದಿಬ್ಬ ಮತ್ತೆ ದಿಬ್ಬವೇ ಆಯಿತು. ನಾವು ಈಗ ಬಾಗಿಲು ತೆರೆದು ದಿಬ್ಬದ ಹೊಟ್ಟೆಯೊಳಕ್ಕೇ ಹೋಗಬಹುದು.

ಒಳಗೆ ಮಂದ ಬೆಳಕು. ಗಾಜಿನ ಆಚೆ ಹಡಗಿನ ಅಚ್ಚು, ಅದರ ಅಂಚಿನುದ್ದಕ್ಕೂ ಮೊಳೆಗಳ ಸಾಲು. ಮುಂಭಾಗದಲ್ಲಿ ಲಂಗರು, ಡ್ರ್ಯಾಗನ್ನಿನ ಕೇಸರದಂತೆ ಸುರುಳಿ ಸುತ್ತಿದ ಕಬ್ಬಿಣದ ತುಂಡುಗಳು. ಅಲ್ಲಿಯೇ ಎಲುಬುಗಳೂ ಇವೆ. ಒಡೆಯನ ಜೊತೆಗೆಂದು 11 ಕುದುರೆಗಳನ್ನೂ ಕೆಲವು ನಾಯಿಗಳನ್ನೂ ಕೊಂದು ಹೂಳಿದ್ದರು. ಓದಿ ನಿಮಗೆ ಬೇಸರವಾದರೆ ಅದು ಸರಿಯೇ, ನನಗೂ ಆಗುತ್ತದೆ.

ನಾರ್ವೆಯಲ್ಲಿ 1880ರಲ್ಲಿ ಗೋಕ್‌ಸ್ಟಾಡ್, 1904ರಲ್ಲಿ ಓಸೆಬರ್ಗ್ ಎಂಬ ಜಾಗಗಳಲ್ಲಿ ಅಗೆದು ತೆಗೆದ ಹಡಗುಗಳು ಮರದ ಸಮೇತ ಉಳಿದಿವೆ. ಅಲ್ಲಿನ ಜೇಡಿಮಣ್ಣು ಗಾಳಿಯಾಡಲು ಬಿಡದೆ ಮರವನ್ನು ಕಾಪಾಡಿತು. ಅವು ಬಹಳ ಚೆಂದ, ನಿಜ. ಆದರೆ ನನ್ನ ಓಟು ಲಾಡ್ಬಿಗೇ. ಅಲ್ಲಿ ಅರ್ಧ ಹಡಗನ್ನು ನಮ್ಮ ತಲೆಯೊಳಗೇ ಕಟ್ಟಿಕೊಳ್ಳಬೇಕು.

ಇನ್ನೊಂದು ವಿಷಯ ಬಾಕಿ ಇದೆ. ಕುದುರೆಗಳು ಸಿಕ್ಕವು, ನಾಯಿಗಳು ಸಿಕ್ಕವು. ಒಡೆಯ ಎಲ್ಲಿ?

ಇರಲಿಲ್ಲ! ವೈಕಿಂಗರ ಕಾಲದಲ್ಲೇ ಯಾರೋ ದಿಬ್ಬ ಬಗೆದು ಅವನ ದೇಹವನ್ನು ತೆಗೆದುಕೊಂಡು ಹೋಗಿದ್ದರು. ಒಳಗಿನ ಸಾಮಾನುಗಳನ್ನು ಒಡೆದು ನೂರಾರು ಚೂರು ಮಾಡಿದ್ದರು. ಶತ್ರುಗಳು ಬಂದು, ‘ನಿಮ್ಮ ಒಡೆಯನ ಕಾಲ ಮುಗಿಯಿತು’ ಎಂದು ಊರಿಗೆಲ್ಲ ತೋರಿಸಲು ಹೀಗೆ ಮಾಡಿರಬೇಕು ಎನ್ನುತ್ತಾರೆ ಕೆಲವರು. ಅವನ ಮನೆಯವರೇ ಮುಂದೆ ಕ್ರೈಸ್ತರಾಗಿ, ಅವನನ್ನು ಬೇರೆಡೆ ಮಣ್ಣು ಮಾಡಲು ಒಯ್ದಿರಬಹುದು ಎಂಬುದು ಇನ್ನೊಂದು ಊಹೆ. ಡೆನ್ಮಾರ್ಕಿನ ಜೆಲ್ಲಿಂಗ್ ಎಂಬ ಊರಿನಲ್ಲೂ ಎರಡು ಭಾರಿ ದಿಬ್ಬಗಳಿವೆ. 1820ರಲ್ಲಿ ಊರಿನವರು ನೀರಿಗಾಗಿ ಒಂದು ದಿಬ್ಬವನ್ನು ಅಗೆದಾಗ ಒಳಗೆ ಮರದ ಕೋಣೆ ಸಿಕ್ಕಿತು, ಅಲ್ಲೂ ದೇಹವಿರಲಿಲ್ಲ. ಅದು ರಾಜ ಹೆರಾಲ್ಡ್ ಬ್ಲೂಟೂತ್‌ನ ಊರು. ಹೌದು, ಅಪ್ಪನ ಫೋನಿನಲ್ಲಿರುವ ಬ್ಲೂಟೂತ್‌ಗೆ ಹೆಸರು ಬಂದದ್ದು ಇವನಿಂದಲೇ. ಆ ನೀಲಿ ಗುರುತು ಅವನ ಹೆಸರಿನ ಎರಡು ಅಕ್ಷರಗಳನ್ನು ವೈಕಿಂಗ್ ಲಿಪಿಯಲ್ಲಿ ಕೂಡಿಸಿ ಬರೆದದ್ದು.

ಲಾಡ್ಬಿಯ ಸಂಗ್ರಹಾಲಯದಲ್ಲಿ ಒಡೆಯನ ಸಮಾಧಿ ಹೂಳುವ ದಿನ ಹೇಗಿತ್ತೆಂದು ತೋರಿಸುವ ಆಳೆತ್ತರದ ಮಾದರಿಯಿದೆ. ಅಜ್ಜಿಯರಿಗೊಂದು ಸುದ್ದಿ: ಅದೇ ಕಥೆಯನ್ನು ಅಲ್ಲಿನವರು ಉದ್ದನೆಯ ಬಟ್ಟೆಯ ಮೇಲೆ ಸೂಜಿ ದಾರ ಹಿಡಿದು ಕಸೂತಿಯಲ್ಲೂ ಬರೆದಿದ್ದಾರೆ.

ಈ ಹಡಗಿನ ನಕಲನ್ನು 1963ರಲ್ಲಿ ಡೆನ್ಮಾರ್ಕಿನ ಸ್ಕೌಟ್‌ಗಳು ಕಟ್ಟಿದ್ದರು. ಅದಕ್ಕೆ ಕುದುರೆಗಳನ್ನು ಹತ್ತಿಸಿ ಇಳಿಸಿಯೂ ನೋಡಿದರು, ಕುದುರೆಗಳು ಒಪ್ಪಿದವು! ಆಮೇಲೆ ಸ್ವಯಂಸೇವಕರು ಸಂಗ್ರಹಾಲಯದ ಬಳಿಯೇ ಕೂತು ವರ್ಷಗಟ್ಟಲೆ ಕೆಲಸ ಮಾಡಿ ಇನ್ನೊಂದು ಹಡಗು ಕಟ್ಟಿದರು. ‘ಲಾಡ್ಬಿ ಡ್ರ್ಯಾಗನ್’ ಎಂಬ ಆ ಹಡಗು 2016ರಲ್ಲಿ ನೀರಿಗಿಳಿಯಿತು.

ಈ ಭಾನುವಾರ ಒಂದು ಆಟ ಆಡಿ. ಅಜ್ಜಿಗೆ ಬರೀ ಚುಕ್ಕಿ ಇಡಲು ಹೇಳಿ, ಗೆರೆ ಬೇಡ. ಅದು ಯಾವ ರಂಗೋಲಿ ಎಂದು ನೀವೂ ಅಜ್ಜನೂ ಪೈಪೋಟಿಯಲ್ಲಿ ಊಹಿಸಿ. ಯಾರು ಗೆದ್ದರೆಂದು ಬರೆದು ತಿಳಿಸಿ. ಒಡೆಯನನ್ನು ಯಾರು ಒಯ್ದಿರಬಹುದೆಂದು ನಿಮಗೆ ಅನ್ನಿಸುತ್ತದೋ ಅದನ್ನೂ ಬರೆಯಿರಿ.