ಬಿಸಿಲು ಕಾಯುವ ಹಲ್ಲಿ, ಛಾಯಾಗ್ರಾಹಕನ ನೆರಳು

ಇಂಗ್ಲೆಂಡಿನ ದಕ್ಷಿಣ ತೀರದ ಡಾರ್ಸೆಟ್ ಸೀಮೆಯಲ್ಲಿ, ಹೀದರ್ ಪೊದೆಗಳು ಹಬ್ಬಿದ ಬಯಲುಗಳ ನಡುವೆ, ಏಪ್ರಿಲ್ ತಿಂಗಳ ಬಿಸಿಲು ಇನ್ನೂ ಎಳೆಯದಾಗಿರುವ ಮುಂಜಾನೆ, ಬಿದ್ದ ಮರದ ದಿಮ್ಮಿಯ ಮೇಲೆ ಗೇಣುದ್ದಕ್ಕೂ ಕಿರಿದಾದ ಕಂದು ಹಲ್ಲಿಯೊಂದು ಪಕ್ಕೆಗಳನ್ನು ಹರಡಿ, ಮೈಯನ್ನು ಎಲೆಯಂತೆ ಚಪ್ಪಟೆಮಾಡಿಕೊಂಡು ಬಿಸಿಲು ಕಾಯುತ್ತಿರುತ್ತದೆ. ಚಳಿಗಾಲವನ್ನೆಲ್ಲ ನೆಲದೊಳಗೆ ಕಳೆದುಬಂದ ಆ ಜೀವಿಯು ಮೈ ಕಾಯದ ಹೊರತು ಬೇಟೆಯಾಡಲಾರದು, ಉಂಡುದನ್ನು ಅರಗಿಸಿಕೊಳ್ಳಲಾರದು, ಶತ್ರುವಿನಿಂದ ಓಡಿ ಪಾರಾಗಲಾರದು. ಕ್ಯಾಮೆರಾ ಹಿಡಿದು ಅದರ ಮೇಲೆ ನೆರಳು ಚೆಲ್ಲುವವನು ಅದರ ಬಾಳಿನ ಬಂಡವಾಳವನ್ನೇ ಕಸಿಯುತ್ತಾನೆಂದು ನಾನು ನಂಬಿದ್ದೇನೆ.

ಬ್ರಿಟನ್ನಿನ ಮೂಲವಾಸಿ ಹಲ್ಲಿಗಳು ಮೂರೇ ಜಾತಿ. ಕಾಲಿಲ್ಲದ ಸ್ಲೋ ವರ್ಮ್ ಹಾವೆಂಬ ಭ್ರಮೆಯನ್ನು ಹುಟ್ಟಿಸಿದರೂ, ಹಾವಿಗಿಲ್ಲದ ಕಣ್ಣರೆಪ್ಪೆಯನ್ನು ಮಿಟುಕಿಸಿ ತನ್ನ ಕುಲವನ್ನು ತಾನೇ ಸಾರುತ್ತದೆ. ವಸಂತದಲ್ಲಿ ಗಂಡಿನ ಪಕ್ಕೆಗಳು ಹಸಿರಾಗಿ ಬೆಳಗುವ ಮರಳುಹಲ್ಲಿಯು, ಬಿಸಿಲು ಬೀಳುವ ಬರಿಮರಳಿನಲ್ಲಿ ಮೊಟ್ಟೆ ಹೂಳುವುದರಿಂದ, ಅಂಥ ನೆಲ ಅಳಿದಲ್ಲೆಲ್ಲ ತಾನೂ ಅಳಿಯಿತು. ನಾನು ಮೊದಲು ಹೇಳಿದ ಸಾಮಾನ್ಯ ಹಲ್ಲಿಯಾದರೋ ಮರಿಗಳನ್ನೇ ಹಡೆಯುತ್ತದೆ. ಶೀತದೇಶದ ಮಣ್ಣು ಕೊಡಲಾರದ ಕಾವನ್ನು ತಾಯಿಯೇ ಬಿಸಿಲಿನಿಂದ ಬಿಸಿಲಿಗೆ ಸರಿಯುತ್ತ ಗರ್ಭಕ್ಕೆ ಒದಗಿಸುತ್ತಾಳೆ. ಎಂಥ ಮಾತೃತ್ವವಿದು! ಜೂನ್ ತಿಂಗಳಲ್ಲಿ ಅವಳನ್ನು ಪದೇ ಪದೇ ಎಬ್ಬಿಸುವುದೆಂದರೆ ಒಡಲೊಳಗಿನ ಮರಿಗಳನ್ನೂ ಚಳಿಗೆ ನೂಕಿದಂತೆಯೇ ಸರಿ.

ಮರಳುಹಲ್ಲಿಯನ್ನು ಹಿಡಿಯುವುದನ್ನೂ ಬೇಕೆಂದೇ ಕದಲಿಸುವುದನ್ನೂ ಅಲ್ಲಿನ ಶಾಸನ ನಿಷೇಧಿಸಿದೆ. ಉಳಿದೆರಡನ್ನು ಕೊಲ್ಲಬಾರದು, ಗಾಯಗೊಳಿಸಬಾರದು, ಮಾರಬಾರದು ಎಂದು 1981ರ ವನ್ಯಜೀವಿ ಕಾಯಿದೆ ವಿಧಿಸಿದೆಯಾದರೂ, ಬಿಸಿಲಿನಿಂದ ಎಬ್ಬಿಸಬಾರದೆಂದು ವಿಧಿಸಿಲ್ಲ. ಶಾಸನವು ಬಿಟ್ಟ ಆ ಕರ್ತವ್ಯವನ್ನು ಛಾಯಾಗ್ರಾಹಕನ ಅಂತಃಕರಣವೇ ಹೊರಬೇಕಾಗಿದೆ. ಕೈಯಲ್ಲಿ ಹಿಡಿದ ಹಲ್ಲಿಯು ಬಾಲ ಕಳಚಿ ಓಡುವುದನ್ನು ನೋಡಿ ಸೋಜಿಗಪಡುವವರುಂಟು. ಆ ಬಾಲದಲ್ಲಿರುವುದು ಅದು ಕೂಡಿಟ್ಟ ಕೊಬ್ಬು. ಮತ್ತೆ ಬೆಳೆದರೂ ಬಣ್ಣ ಮಾಸಿದ, ಗಿಡ್ಡವಾದ ಬಾಲವೇ ಬರುತ್ತದೆ.

ದೂರದ ಮಸೂರವೊಂದಿದ್ದು, ತನ್ನ ನೆರಳು ಎತ್ತ ಬೀಳುತ್ತದೆಂಬ ಎಚ್ಚರವಿದ್ದರೆ ಸಾಕು. ಹಲ್ಲಿ ಬೆದರಿ ಹೀದರಿನೊಳಗೆ ನುಸುಳಿತೇ? ನಿಂತಲ್ಲೇ ಅಲುಗಾಡದೆ ಕಾಯಬೇಕು. ಕೆಲವು ನಿಮಿಷಗಳಾದ ಮೇಲೆ ಮೊದಲು ಮೂತಿ, ಆಮೇಲೆ ಒಂದು ಮುಂಗಾಲು, ಕೊನೆಗೆ ಇಡೀ ಮೈ, ಬಹುಮಟ್ಟಿಗೆ ಅದೇ ದಿಮ್ಮಿಯ ಅದೇ ಬೆಚ್ಚನೆಯ ಮಗ್ಗುಲಿಗೆ ಮರಳಿಬರುತ್ತದೆ.