ಹಾರ ಹಾಕುತ್ತಾರೆ, ನಂಬರ್ ಪ್ಲೇಟ್ ಕೊಡುವುದಿಲ್ಲ

ಮನೆಯಂಗಳದಲ್ಲೇ ಕಾರು ಕಟ್ಟಿದ ಯುವಕನ ಫೋಟೊ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಪಕ್ಕದಲ್ಲಿ ಶಾಸಕರು, ಕೊರಳಲ್ಲಿ ಹಾರ, 'ಸರ್ಕಾರದಿಂದ ಎಲ್ಲ ನೆರವು' ಎಂಬ ಭರವಸೆ. ಆ ಕಾರನ್ನು ಮರುದಿನ ರಸ್ತೆಗೆ ಇಳಿಸಿದರೆ ಹಿಡಿದು ನಿಲ್ಲಿಸುವುದೂ ಅದೇ ಸರ್ಕಾರ.

2021ರ ಕೊನೆಯಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಮ್ಮಾರರೊಬ್ಬರು ಗುಜರಿ ಸಾಮಾನಿನಿಂದ ಪುಟ್ಟ ಜೀಪು ಕಟ್ಟಿದ್ದು ದೇಶಕ್ಕೆಲ್ಲ ಗೊತ್ತಾಯಿತು. ಖರ್ಚು ಸುಮಾರು 60 ಸಾವಿರ ರೂಪಾಯಿ, ಬೈಕಿನ ಹಾಗೆ ಕಿಕ್ ಹೊಡೆದರೆ ಸ್ಟಾರ್ಟ್. ಇದು ನಿಯಮಕ್ಕೆ ಹೊಂದುವುದಿಲ್ಲ, ಅಧಿಕಾರಿಗಳು ಇವತ್ತಲ್ಲ ನಾಳೆ ತಡೆಯುತ್ತಾರೆ ಎಂದು ಉದ್ಯಮಿ ಆನಂದ್ ಮಹೀಂದ್ರಾ ಆಗಲೇ ಹೇಳಿದ್ದರು. ಜೀಪಿಗೆ ಬದಲಾಗಿ ಬೊಲೆರೊ ಕೊಟ್ಟು ದೊಡ್ಡತನವನ್ನೂ ತೋರಿದರು. ಕಟ್ಟಿದ ಗಾಡಿಗೆ ರಸ್ತೆ ಮಾತ್ರ ಸಿಗಲೇ ಇಲ್ಲ.

ನನ್ನ ಪರಿಚಯದವರೊಬ್ಬರು ಸಕಲೇಶಪುರದ ಕಡೆಯವರು. ಚೌಕ ಪೈಪು ಬೆಸೆದು, ಹಳೆಯ ಮಾರುತಿ 800ರ ಕಾರ್ಬ್ಯುರೇಟರ್ ಎಂಜಿನ್ ಕೂರಿಸಿ ಎರಡು ಸೀಟಿನ ಗಾಡಿ ಮಾಡಿಕೊಂಡಿದ್ದಾರೆ. ತೋಟದೊಳಗೆ ಓಡಿಸುತ್ತಾರೆ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಕಾಯಬೇಕು, ಮನೆ ತುಂಬ ಪೆಟ್ರೋಲ್ ವಾಸನೆ. ಅದನ್ನು ತೆಗೆದು ಎಸ್ಟೀಮ್ ಕಾರಿನ, ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ 1.3 ಲೀಟರ್ ಎಂಪಿಎಫ್‌ಐ ಎಂಜಿನ್ ಹಾಕಲು ಹೊರಟರು. ಹೊಗೆ ಕಡಿಮೆಯಾಗಲಿ ಎಂದು. ಸರ್ಕಾರದ ಜಾಹೀರಾತುಗಳು ನಮಗೆ ಹೇಳುವುದೂ ಇದನ್ನೇ.

ಬೆಂಗಳೂರಿನ ಗುಜರಿ ಅಂಗಡಿಯಲ್ಲಿ 'ಕಂಪ್ಲೀಟ್ ಸೆಟ್ ಸಾರ್, ಏನೂ ಯೋಚ್ನೆ ಮಾಡ್ಬೇಡಿ' ಎಂದರು. ಎಂಜಿನ್ ಬಂತು, ಗೇರ್‌ಬಾಕ್ಸೂ ಬಂತು. ವೈರಿಂಗ್ ಮಾತ್ರ ಎಂಜಿನ್ನಿನಿಂದ ಗೇಣು ದೂರಕ್ಕೆ ಬ್ಲೇಡಿನಿಂದ ಕತ್ತರಿಸಿಹೋಗಿತ್ತು. ಒಂದೇ ಬಣ್ಣದ ವೈರುಗಳು ಮೂರು ನಾಲ್ಕು ಕಡೆ ಜೋತಾಡುತ್ತಿದ್ದವು, ಕನೆಕ್ಟರುಗಳ ಕಿವಿ ಮುರಿದಿತ್ತು. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ಬೇರೆ ಅಂಗಡಿಗೆ ಹೋಗಿ ಆಗಲೇ ಮಾರಾಟವಾಗಿತ್ತು. ಕಂಪ್ಲೀಟ್ ಆಗಿದ್ದುದು ಅವರು ಎಣಿಸಿಕೊಂಡ ದುಡ್ಡು ಒಂದೇ.

ಇಸಿಎಂ ಇಲ್ಲದ ಇಂಜೆಕ್ಷನ್ ಎಂಜಿನ್ ಬರೀ ಕಬ್ಬಿಣ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ, ಥ್ರಾಟಲ್ ಎಷ್ಟು ತೆರೆದಿದೆ, ಒಳಗೆ ಎಳೆದ ಗಾಳಿಯ ಒತ್ತಡ ಎಷ್ಟು, ನೀರು ಎಷ್ಟು ಕಾದಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಸೆನ್ಸರುಗಳು ಇಸಿಎಂಗೆ ತಿಳಿಸುತ್ತವೆ. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಎಂದು ಅದು ಲೆಕ್ಕ ಹಾಕುತ್ತದೆ. ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ, ಅದರ ಗುರಿ. 'ವಾರದಲ್ಲಿ ಗಾಡಿ ರೆಡಿ' ಎಂದು ಮಾತು ಕೊಟ್ಟ ಗ್ಯಾರೇಜಿನವರು ಈ ಲೆಕ್ಕವನ್ನು ಅಂದಾಜಿನಲ್ಲೇ ಮುಗಿಸಲು ನೋಡಿದರು. ಮಳೆಗಾಲ ಮುಗಿದರೂ ಗಾಡಿ ಗ್ಯಾರೇಜಿನಲ್ಲೇ ಇತ್ತು.

ಅಂದಾಜಿನ ಕೆಲಸ ಜೀವಕ್ಕೆ ಎರವಾಗುವುದು ಪೆಟ್ರೋಲ್ ಪೈಪಿನಲ್ಲಿ. ಕಾರ್ಬ್ಯುರೇಟರಿಗೆ ಪೆಟ್ರೋಲ್ ತಲುಪಿಸಲು ನಾಲ್ಕೈದು ಪಿಎಸ್‌ಐ ಒತ್ತಡ ಸಾಕು. ಇಂಜೆಕ್ಷನ್‌ಗೆ ಸುಮಾರು 40 ಪಿಎಸ್‌ಐ ಬೇಕು. ಹಳೆಯ ರಬ್ಬರ್ ಪೈಪನ್ನೇ ಬಿಟ್ಟು, ಸ್ಕ್ರೂ ಕ್ಲಿಪ್ಪು ಬಿಗಿದು 'ನಡೆಯತ್ತೆ ಬಿಡಿ' ಎಂದರೆ, ಅದು ಬಿಟ್ಟುಕೊಂಡ ದಿನ ಕಾದ ಸೈಲೆನ್ಸರ್ ಪೈಪಿನ ಮೇಲೆ ಪೆಟ್ರೋಲ್ ತುಂತುರು ಬೀಳುತ್ತದೆ. ಹಳೆಯ ಟ್ಯಾಂಕಿನೊಳಗೆ ಅಡ್ಡ ತಗಡು ಇಲ್ಲದಿದ್ದರೆ ಇನ್ನೊಂದು ಪೇಚು. ಘಾಟಿಯ ತಿರುವಿನಲ್ಲಿ ಕಾಲು ಟ್ಯಾಂಕ್ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುತ್ತದೆ, ಎಂಜಿನ್ ತಿರುವಿನ ನಡುವೆಯೇ ನಿಲ್ಲುತ್ತದೆ. ಇದನ್ನೆಲ್ಲ ಬಲ್ಲವರೊಬ್ಬರು ಪರೀಕ್ಷಿಸಿ ಸರಿಯಿದೆ ಅಥವಾ ಇಲ್ಲ ಎಂದು ಬರೆದುಕೊಡಬೇಕು. ಅಂಥ ಪರೀಕ್ಷೆಗೆ ನಮ್ಮಲ್ಲಿ ಅರ್ಜಿ ನಮೂನೆಯೇ ಇಲ್ಲ.

ಆರ್‌ಟಿಒ ಕಚೇರಿಗೆ ಹೋದರೆ ಕೇಳುವುದು ಫಾರಂ 21 ಮತ್ತು 22. ಮೊದಲನೆಯದು ಡೀಲರ್ ಕೊಡುವ ಮಾರಾಟ ಪತ್ರ, ಎರಡನೆಯದು ಗಾಡಿ ರಸ್ತೆಗೆ ಯೋಗ್ಯ ಎಂದು ತಯಾರಕರು ಕೊಡುವ ಪ್ರಮಾಣಪತ್ರ. ತಾನೇ ಕಟ್ಟಿದವನಿಗೆ ಮಾರಿದವರು ಯಾರು? ತಯಾರಕ ಎನಿಸಿಕೊಳ್ಳಲು ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳಲ್ಲಿ ಮಾದರಿ ವಾಹನದ ಪರೀಕ್ಷೆ ಆಗಬೇಕು. ಲಕ್ಷಗಟ್ಟಲೆ ಕಾರು ಮಾರುವ ಕಂಪನಿಗೆ ಇದು ಸರಿಯಾದ ನಿಯಮ. ಒಂದೇ ಕಾರು ಕಟ್ಟಿದವನು ಅದನ್ನೇ ತಡೆಗೋಡೆಗೆ ಗುದ್ದಿಸಲು ಕೊಟ್ಟರೆ ನೋಂದಣಿ ಮಾಡಿಸಲು ಉಳಿಯುವುದೇನು?

ಕಾರು ಕಟ್ಟುವ ಗೋಜಿಗೇ ಹೋಗದೆ, ನೋಂದಣಿ ಇರುವ ಹಳೆಯ ಜೀಪಿಗೆ ಒಳ್ಳೆಯ ಎಂಜಿನ್ ಹಾಕಿಸುತ್ತೇನೆ ಎಂದರೂ ಕಷ್ಟವೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಆರ್‌ಸಿಯಲ್ಲಿನ ವಿವರ ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಕೇರಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಕಾನೂನು ಒಪ್ಪದ ಪ್ರತಿ ಬದಲಾವಣೆಗೂ 5 ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸಿಗ್ನಲ್ಲಿನಲ್ಲಿ ನಮ್ಮ ಮುಖಕ್ಕೆ ಕಪ್ಪು ಹೊಗೆ ಬಿಟ್ಟುಹೋಗುವ ಗಾಡಿಯ ಮಾಲೀಕ ಜೈಲಿಗೆ ಹೋದದ್ದನ್ನು ನಾವು ಯಾರೂ ನೋಡಿಲ್ಲ.

ಹೊಗೆ ತಪಾಸಣೆಯ ಮಿತಿಯನ್ನೇ ನೋಡಿ. ಭಾರತ್ ಸ್ಟೇಜ್ ಹೊಗೆ ನಿಯಮದ ಎರಡನೇ ಹಂತಕ್ಕೆ (ಬಿಎಸ್-2) ಮೊದಲಿನ ಪೆಟ್ರೋಲ್ ಕಾರು, ಜೀಪುಗಳು ಐಡ್ಲಿಂಗ್‌ನಲ್ಲಿ ಶೇ 3ರಷ್ಟು ಕಾರ್ಬನ್ ಮೊನಾಕ್ಸೈಡ್ ಬಿಡಬಹುದು. ಬಿಎಸ್-2 ಮತ್ತು ಬಿಎಸ್-3 ಗಾಡಿಗಳಿಗೆ ಮಿತಿ ಶೇ 0.5. ಅಂದರೆ ಆರನೇ ಒಂದು ಪಾಲು. ಸ್ವಂತ ಖರ್ಚಿನಲ್ಲಿ ಹೊಸ ಎಂಜಿನ್ ಹಾಕಿಸಿ ಹೊಗೆಯನ್ನು ಅಷ್ಟು ತಗ್ಗಿಸಲು ಮುಂದಾದವನು ಕಾನೂನಿನ ಕಣ್ಣಲ್ಲಿ ಅಪರಾಧಿ, ಹಳೆಯ ಹೊಗೆಯನ್ನೇ ಬಿಡುತ್ತಾ ಹೋಗುವವನು ನಿಯಮಪಾಲಕ.

ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ಗೆ ಉರಿಯಲು ಗಾಳಿ ಕಡಿಮೆ ಸಾಕು. ಆಮ್ಲಜನಕದ ಸೆನ್ಸರ್ ಇರುವ ಇಂಜೆಕ್ಷನ್ ಎಂಜಿನ್ ಅದನ್ನು ಗುರುತಿಸಿ ಸ್ವಲ್ಪ ಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಜೆಟ್‌ನ ತೂತು ಮಾತ್ರ ಇದ್ದಷ್ಟೇ ಇರುತ್ತದೆ. ಪೆಟ್ರೋಲನ್ನು ಬದಲಿಸುವಾಗ ನಮ್ಮನ್ನು ಕೇಳಲಿಲ್ಲ, ಎಂಜಿನ್ ಬದಲಿಸಲು ನಾವು ಕೇಳಿದರೂ ಬಿಡುವುದಿಲ್ಲ.

ಅದೇ 52ನೇ ಸೆಕ್ಷನ್‌ನಲ್ಲಿ ಬಾಗಿಲುಗಳಿವೆ, ನಮ್ಮ ಅಳತೆಗೆ ಇಲ್ಲ ಅಷ್ಟೆ. ಅನುಮೋದಿತ ಕಿಟ್ ಹಾಕಿಸಿ ಸಿಎನ್‌ಜಿಗೋ ಬ್ಯಾಟರಿಗೋ ಬದಲಾಗಬಹುದು. ಹತ್ತಕ್ಕಿಂತ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಇಟ್ಟುಕೊಂಡವರಿಗೆ, ಪ್ರತಿ ಸಲ ಆರ್‌ಟಿಒ ಒಪ್ಪಿಗೆ ಪಡೆಯದೆ ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಬದಲಿಸಿಕೊಳ್ಳಲು ರಾಜ್ಯ ಸರ್ಕಾರ ಅಧಿಕಾರ ಕೊಡಬಹುದು. ಹತ್ತು ಲಾರಿಯ ಮಾಲೀಕರ ಮಾತನ್ನು ನಂಬುವ ಕಾಯ್ದೆಗೆ ಒಂದು ಜೀಪಿನವನ ಮೇಲೆ ನಂಬಿಕೆಯಿಲ್ಲ.

ಸುರಕ್ಷತೆಯ ಮಾತು ಎತ್ತುವವರಿಗೆ ನನ್ನ ಪೂರ್ತಿ ಬೆಂಬಲ. ಎಂಜಿನ್ನಿನ ಶಕ್ತಿ ಹೆಚ್ಚಿಸಿ ಹಳೆಯ ಬ್ರೇಕನ್ನೇ ಉಳಿಸಿಕೊಂಡವನು ತಾನಷ್ಟೇ ಸಾಯುವುದಿಲ್ಲ, ರಸ್ತೆ ದಾಟುವ ಶಾಲೆಯ ಮಗುವನ್ನೂ ಕೊಲ್ಲುತ್ತಾನೆ. ಸೈಲೆನ್ಸರ್ ಕೊರೆದು ಆಸ್ಪತ್ರೆಯ ಮುಂದೆ ಅಬ್ಬರಿಸುವವರ ಪರವಾಗಿ ನಾನು ಬರೆಯುತ್ತಿಲ್ಲ. ಆದರೆ ಪರೀಕ್ಷೆಯೇ ಇಲ್ಲದಿದ್ದರೆ ಈ ಕೆಲಸ ನಿಲ್ಲುವುದಿಲ್ಲ, ಕತ್ತಲಲ್ಲಿ ನಡೆಯುತ್ತದೆ. ಹಳೆಯ ಆರ್‌ಸಿಯಲ್ಲೇ ಹೊಸ ಎಂಜಿನ್ ಓಡುತ್ತದೆ, ಅಪಘಾತವಾದ ದಿನ ವಿಮಾ ಕಂಪನಿ ಕೈ ಎತ್ತಲು ನೋಡುತ್ತದೆ. ಆಸ್ಪತ್ರೆಯ ಬಿಲ್ ಹಿಡಿದು ಓಡಾಡುವವನು ಗುದ್ದಿಸಿಕೊಂಡ ದಾರಿಹೋಕ.

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಾರು ಕಟ್ಟುವುದು ಹಳೆಯ ಹವ್ಯಾಸ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳ ಕಿಟ್ ಆಗಿಯೂ ಮಾರುತ್ತಿದ್ದರು. ಇಂಥ ಒಂದೊಂದೇ ಗಾಡಿಗೆ ಅಲ್ಲಿ 1998ರಿಂದ ಪ್ರತ್ಯೇಕ ತಪಾಸಣೆ ಇತ್ತು, 2009ರಿಂದ ಅದು 'ಐವಿಎ' ಪರೀಕ್ಷೆಯಾಗಿದೆ. ಬ್ರೇಕು, ಸ್ಟೀರಿಂಗು, ಸೀಟ್ ಬೆಲ್ಟ್ ಬಿಗಿದ ಜಾಗ, ಮೈಗೆ ತಾಗುವ ಚೂಪು ಅಂಚು, ಶಬ್ದ, ಹೊಗೆ ಎಲ್ಲವನ್ನೂ ನೋಡುತ್ತಾರೆ. ಎಂಜಿನ್ ಯಾವ ಕಾಲದ್ದೋ ಆ ಕಾಲದ ಹೊಗೆ ಮಿತಿ, ಅದು ಯಾವ ಕಾಲದ್ದೆಂಬುದಕ್ಕೆ ದಾಖಲೆ ಬೇಕು. ಫೇಲಾದರೆ ಯಾವುದರಲ್ಲಿ ಫೇಲ್ ಎಂದು ಬರೆದುಕೊಡುತ್ತಾರೆ, ಸರಿಪಡಿಸಿಕೊಂಡು ಮತ್ತೆ ಬರಬಹುದು. ಆಗುವುದಿಲ್ಲ ಎನ್ನುವಾಗಲೂ ಕಾರಣ ಕೈಗೆ ಸಿಗುತ್ತದೆ, ನಮ್ಮಲ್ಲಿ ಸಿಗುವುದು 'ನಾಳೆ ಬನ್ನಿ'.

ನಮ್ಮಲ್ಲಿ ಕೈಕೆಲಸದ ಕೊರತೆಯೂ ಇಲ್ಲ. ಬೆಂಗಳೂರು, ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೈಕಿನ ಇಂಜೆಕ್ಷನ್ ಎಂಜಿನ್ ಕೂರಿಸಿ ಒಂಟಿ ಸೀಟಿನ ಕಾರು ಕಟ್ಟುತ್ತಾರೆ. ಇಸಿಎಂಗೆ ತಾವೇ ಟ್ಯೂನಿಂಗ್ ಮಾಡಿ ಕೊಯಮತ್ತೂರಿನ 'ಕರಿ' ರೇಸ್ ಟ್ರ್ಯಾಕಿನ ಸ್ಪರ್ಧೆಗೆ ಒಯ್ಯುತ್ತಾರೆ. ಸ್ಪರ್ಧೆಗೆ ಮೊದಲು ಅಲ್ಲಿ ನಡೆಯುವ ತಾಂತ್ರಿಕ ತಪಾಸಣೆ ಬಲು ಕಟ್ಟುನಿಟ್ಟು. ವಿದ್ಯಾರ್ಥಿ ಸ್ಪರ್ಧೆಗೆ ಸಾಧ್ಯವಾದದ್ದು ಸಾರಿಗೆ ಇಲಾಖೆಗೆ ಯಾಕೆ ಸಾಧ್ಯವಿಲ್ಲ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ನೆಲಮಂಗಲದಲ್ಲಿ ಸ್ವಯಂಚಾಲಿತ ವಾಹನ ತಪಾಸಣಾ ಕೇಂದ್ರ ಇದೆ. ಬ್ರೇಕು, ಹೆಡ್‌ಲೈಟು, ಹೊಗೆ ಅಳೆಯುವ ಯಂತ್ರಗಳು ನಮ್ಮ ತೆರಿಗೆ ದುಡ್ಡಿನಲ್ಲೇ ಬಂದಿವೆ. ಇತರ ಬದಲಾವಣೆಗಳಿಗೆ ನಿರ್ದಿಷ್ಟ ಉದ್ದೇಶಕ್ಕಾಗಿ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ 52ನೇ ಸೆಕ್ಷನ್‌ನಲ್ಲೇ ಇದೆ. ಒಂದೇ ಗಾಡಿ ಕಟ್ಟಿದವರಿಗೆ, ಒಳ್ಳೆಯ ಎಂಜಿನ್ ಹಾಕಿಸಿದವರಿಗೆ ಎಂದು ಪ್ರತ್ಯೇಕ ಪರೀಕ್ಷೆ ಶುರು ಮಾಡಲಿ. ವರ್ಷಕ್ಕೆ ಇಷ್ಟೇ ಕಿಲೊಮೀಟರ್ ಎನ್ನಲಿ, ಹೆದ್ದಾರಿಗೆ ಬೇಡ ಎನ್ನಲಿ, ಹತ್ತು ಸಲ ಫೇಲ್ ಮಾಡಲಿ. ಶುಲ್ಕ ಎಷ್ಟಾದರೂ ಕಟ್ಟಲು ಜನ ತಯಾರಿದ್ದಾರೆ, ಯಾವ ಕೌಂಟರಿನಲ್ಲಿ ಕಟ್ಟಬೇಕು ಎಂದು ಮೊದಲು ಹೇಳಲಿ.