ಔಷಧದ ಸಂಗ್ರಹ ಮನೆಯಲ್ಲಿಯೂ ಇರಲಿ

ಸಂಪಾದಕ ಮಹಾಶಯರಿಗೆ,



ಹೊಸ ಜ್ವರದ ಸುದ್ದಿ ಯಾವ ದಿಕ್ಕಿನಿಂದ ಬಂದರೂ, ಅದು ಹಕ್ಕಿಜ್ವರವಾಗಿರಲಿ, ಜನರು ಹಂದಿಜ್ವರವೆಂದು ಕರೆದುದಾಗಿರಲಿ, ಸರಕಾರದ ಕಡೆಯಿಂದ ಹೊರಡುವ ಪ್ರಕಟಣೆಗಳಲ್ಲಿ ಎರಡು ಮಾತುಗಳು ತಪ್ಪದೆ ಇರುತ್ತವೆ: ಸಾರ್ವಜನಿಕರು ಗಾಬರಿಪಡಬೇಕಾದ ಕಾರಣವಿಲ್ಲ, ಮತ್ತು ಔಷಧಗಳ ದಾಸ್ತಾನು ಸಾಕಷ್ಟಿದೆ. ಮೊದಲನೆಯ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ಎರಡನೆಯದರ ವಿಷಯದಲ್ಲಿ ಮಾತ್ರ, ಕಿರವತ್ತಿಯಂಥ ಊರಿನಲ್ಲಿ ಬಹುಕಾಲದಿಂದ ಬಾಳಿದವನಾಗಿ, ನನ್ನ ಆಕ್ಷೇಪವನ್ನು ತಮ್ಮ ಪತ್ರಿಕೆಯ ಮೂಲಕ ಸರಕಾರದ ಮುಂದೆಯೂ ಸಹನಾಗರಿಕರ ಮುಂದೆಯೂ ಇಡಬಯಸುತ್ತೇನೆ. ಜಿಲ್ಲೆಯ ಉಗ್ರಾಣದಲ್ಲಿ ಎಷ್ಟೇ ಮಾತ್ರೆಗಳಿರಲಿ, ಜ್ವರ ಏರಿದ ರಾತ್ರಿ ಅವು ರೋಗಿಯ ಕೈಗೆ ಎಟುಕದಿದ್ದರೆ, ಆ ರೋಗಿಯ ಪಾಲಿಗೆ ದಾಸ್ತಾನು ಇದ್ದೂ ಇಲ್ಲದಂತೆಯೇ ಸರಿ. ಮಹಾಮಾರಿಯೊಂದು ಬಂದೀತೆಂದು ಹಾಸಿಗೆಗಳನ್ನು, ಆಮ್ಲಜನಕದ ಘಟಕಗಳನ್ನು, ಪ್ರಯೋಗಶಾಲೆಗಳನ್ನು ಸಜ್ಜುಗೊಳಿಸಿದ ಸರಕಾರವು ರೋಗಿಯ ಮೊದಲ ಆಸ್ಪತ್ರೆಯಾದ ಮನೆಯನ್ನು ಸಜ್ಜುಗೊಳಿಸುವ ವಿಚಾರವನ್ನು ಸಾಕಷ್ಟು ಮನಸ್ಸಿಗೆ ತಂದುಕೊಂಡಿಲ್ಲವೆಂಬುದೇ ನನ್ನ ದೂರು.

ಇದು ಬರಿಯ ಊಹೆಯಿಂದ ಹುಟ್ಟಿದ ಭಯವಲ್ಲ. 1918ರ ಜೂನಿನಲ್ಲಿ ಮುಂಬಯಿಯ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ, ಮೊದಲು ಸೌಮ್ಯವಾಗಿದ್ದು, ಸೆಪ್ಟೆಂಬರಿನ ಹೊತ್ತಿಗೆ ಉಗ್ರರೂಪವನ್ನು ತಾಳಿ, ರೈಲಿನ ಹಾದಿ ಹಿಡಿದು ಒಳನಾಡನ್ನೆಲ್ಲ ವ್ಯಾಪಿಸಿತು. ಅಂದು ನಮ್ಮ ಉತ್ತರ ಕನ್ನಡ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತವೊಂದರಲ್ಲಿಯೇ ಮಡಿದವರು 10 ಲಕ್ಷಕ್ಕೂ ಮಿಕ್ಕಿದರು. ಇಡೀ ದೇಶದ ಲೆಕ್ಕವನ್ನು ತಗ್ಗಿಸಿ ಹೇಳುವವರು ಕೂಡ 1 ಕೋಟಿ 20 ಲಕ್ಷಕ್ಕಿಂತ ಕೆಳಗಿಳಿಯುವುದು ವಿರಳ. ಆ ವರ್ಷ ಮಳೆಯೂ ಕೈಕೊಟ್ಟು ಧಾನ್ಯ ದುರ್ಲಭವಾಗಿತ್ತು. ಆರೈಕೆ ಮಾಡಬೇಕಾದವರೇ ಹಾಸಿಗೆ ಹಿಡಿದ ಮನೆಗಳಲ್ಲಿ ಗುಟುಕು ನೀರು ಕೊಡುವವರೂ ಇಲ್ಲದಾದರು. ತರುವಾಯ 1957ರಲ್ಲಿಯೂ 1968ರಲ್ಲಿಯೂ ಅದೇ ಕುಲದ ವಿಷಾಣುಗಳು ವೇಷ ಬದಲಿಸಿ ಜಗತ್ತನ್ನು ಸುತ್ತಿದವು. ನಮ್ಮ ಕಾಲಕ್ಕೆ ಬಂದರೆ, 2009ರ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಎಚ್1ಎನ್1 ಜ್ವರವನ್ನು ಜಾಗತಿಕ ಮಹಾಮಾರಿಯೆಂದು ಘೋಷಿಸಿತು. ನಮ್ಮ ದೇಶದಲ್ಲಿಯೇ ತಯಾರಾದ ಮೊದಲ ಲಸಿಕೆ ಮಾರುಕಟ್ಟೆಗೆ ಬಂದದ್ದು 2010ರ ಜೂನಿನಲ್ಲಿ. ನಡುವಿನ ಒಂದು ವರ್ಷ ಜನ ಬಹುಮಟ್ಟಿಗೆ ಲಸಿಕೆಯಿಲ್ಲದೆಯೇ ಕಳೆದರು. ಆ ಜ್ವರಕ್ಕೆ ಕೊಡುವ ಒಸೆಲ್ಟಾಮಿವಿರ್ ಎಂಬ ಮದ್ದು ಕೂಡ ಆರಂಭದಲ್ಲಿ ಸರಕಾರಿ ವ್ಯವಸ್ಥೆಯ ಮೂಲಕವಲ್ಲದೆ ಔಷಧದಂಗಡಿಗಳಲ್ಲಿ ದೊರೆಯುತ್ತಿರಲಿಲ್ಲ. ನೀತಿ ಆಯೋಗದ ತಜ್ಞರ ತಂಡವು 2024ರಲ್ಲಿ ಪ್ರಕಟಿಸಿದ ವರದಿ ಮುಂದಿನ ಮಹಾಮಾರಿಯ ಮೊದಲ ನೂರು ದಿನಗಳನ್ನೇ ನಿರ್ಣಾಯಕವೆಂದು ಹಿಡಿದು, ಆ ಅವಧಿಯೊಳಗೆ ಆಡಳಿತವು ಏನೇನು ಮಾಡತಕ್ಕದ್ದೆಂದು ವಿವರಿಸಿದೆ. ಬಹು ಸಮಂಜಸವಾದ ಚಿಂತನೆ. ಆದರೆ ಆ ನೂರು ದಿನಗಳನ್ನು ಸಂಸಾರವೊಂದು ಹೇಗೆ ಕಳೆಯಬೇಕು?

ಅವು ಮಳೆಗಾಲದ ನೂರು ದಿನಗಳಾದರೆ ಈ ಪ್ರಶ್ನೆಯ ಗುರುತ್ವ ಇಮ್ಮಡಿಯಾಗುತ್ತದೆ. ಕಿರವತ್ತಿಯೇನೋ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಮೇಲೆ, ಯಲ್ಲಾಪುರಕ್ಕೂ ಕಲಘಟಗಿಗೂ ನಡುವೆ ಇರುವ ಊರು; ಹಗಲಿರುಳು ಲಾರಿಗಳು ಓಡಾಡುತ್ತವೆ. ಹೆದ್ದಾರಿಯನ್ನು ಬಿಟ್ಟು ಕಾಡಿನೊಳಕ್ಕೆ ಹೊಕ್ಕರೆ ಸಿಗುವ ಗೌಳಿಗರ ದೊಡ್ಡಿಗಳಿಗೂ ಸಿದ್ದಿಯರ ಕೇರಿಗಳಿಗೂ ಆ ಭಾಗ್ಯವಿಲ್ಲ. 2021ರ ಜುಲೈಯಲ್ಲಿ ಕೋವಿಡ್‌ನ ಎರಡನೆಯ ಅಲೆ ಇಳಿಯಿತೆಂದು ಉಸಿರಾಡುತ್ತಿದ್ದಾಗಲೇ ಇದೇ ತಾಲೂಕಿನ ಅರಬೈಲ ಘಟ್ಟದಲ್ಲಿ ಮಣ್ಣು ಕುಸಿದು ಹೆದ್ದಾರಿ ಮುಚ್ಚಿತು, ಗುಳ್ಳಾಪುರದ ಸೇತುವೆ ಗಂಗಾವಳಿಯ ಪ್ರವಾಹದಲ್ಲಿ ಕೊಚ್ಚಿಹೋಯಿತು, ಕಳಚೆಯಲ್ಲಿ ಗುಡ್ಡಗಳೇ ಜರಿದು ತೋಟ ಮನೆಗಳ ಮೇಲೆ ಬಂದವು. ಅಂಥ ವಾರದಲ್ಲಿ ಹೊಸ ಜ್ವರವೂ ಜೊತೆಗೂಡಿದ್ದರೆ ಉಗ್ರಾಣದ ದಾಸ್ತಾನನ್ನು ಯಾವ ದಾರಿಯಿಂದ ಯಾರು ತರುತ್ತಿದ್ದರು?

ನಮ್ಮ ಸೀಮೆಯ ಗೃಹಿಣಿಯರಿಗೆ ಸಂಗ್ರಹದ ವಿವೇಕವನ್ನು ಯಾರೂ ಕಲಿಸಬೇಕಾಗಿಲ್ಲ. ರೋಹಿಣಿ ಮಳೆ ಬೀಳುವ ಮುನ್ನವೇ ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರಿರುತ್ತದೆ, ಮಾವಿನ ಮಿಡಿ ಉಪ್ಪಿನಲ್ಲಿ ಕೂತಿರುತ್ತದೆ, ಕಟ್ಟಿಗೆ ಹಿತ್ತಿಲಿನ ಮಾಡಿನಡಿಯಲ್ಲಿ ಪೇರಿರುತ್ತದೆ. ಈ ಸಾಲಿನಲ್ಲಿ ಔಷಧ ಏಕಿಲ್ಲವೆಂದರೆ ಅದನ್ನು ಕೊಡುವವರು ಅಷ್ಟು ಕೊಡುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ, ಅಪಸ್ಮಾರ ಮೊದಲಾದ ದೀರ್ಘ ವ್ಯಾಧಿಗಳುಳ್ಳವರಲ್ಲಿ ಹಲವರು ಇನ್‌ಫ್ಲುಯೆಂಜಾದಿಂದ ಹೆಚ್ಚು ಅಪಾಯಕ್ಕೆ ಈಡಾಗತಕ್ಕವರು. ಅಂಥವರಿಗೆ ಹಲವೆಡೆ ಸರಕಾರಿ ದವಾಖಾನೆಯಲ್ಲಿ ದೊರೆಯುವುದು ಹದಿನೈದು ದಿನದ, ಹೆಚ್ಚೆಂದರೆ ತಿಂಗಳಿನ ಮಾತ್ರೆ. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿ ಬಸ್ಸು ನಿಂತಾಗ, ನಮ್ಮ ಕೇರಿಯ ವೃದ್ಧೆಯೊಬ್ಬಳು ಉಳಿದಿದ್ದ ಬಿಪಿಯ ಮಾತ್ರೆಗಳನ್ನು ವೀಳ್ಯದ ಅಡಕತ್ತರಿಯಿಂದ ಅರ್ಧರ್ಧ ಮಾಡಿ ದಿನ ದೂಡಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾತ್ರೆಯ ಪುಡಿ ಕೂಡ ವ್ಯರ್ಥವಾಗದಂತೆ ಅದನ್ನು ಆಕೆ ಎಲೆಯ ಮೇಲಿಟ್ಟು ಕತ್ತರಿಸುತ್ತಿದ್ದಳು.

ಪರಿಹಾರವು ಸರಕಾರಕ್ಕೆ ತಿಳಿಯದುದಲ್ಲ. ಅದೇ 2020ರ ಏಪ್ರಿಲಿನಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯವು ಹೊರಡಿಸಿದ ಮಾರ್ಗಸೂಚಿಯಲ್ಲಿ, ದೀರ್ಘ ವ್ಯಾಧಿಯವರಿಗೆ ಮೂರು ತಿಂಗಳವರೆಗಿನ ಔಷಧವನ್ನು ಆಶಾ ಕಾರ್ಯಕರ್ತೆಯರ ಹಾಗೂ ಉಪಕೇಂದ್ರಗಳ ಮೂಲಕ ಒದಗಿಸಬಹುದೆಂದು ಸ್ಪಷ್ಟವಾಗಿ ಹೇಳಲಾಗಿತ್ತು. ವಿಪತ್ತು ಬಂದೆರಗಿದ ಮೇಲೆ, ದಾರಿಗಳು ಮುಚ್ಚಿದ ಮೇಲೆ ಮಾಡಬಹುದಾದ ಕೆಲಸವನ್ನು, ದಾರಿಗಳು ತೆರೆದಿರುವಾಗ, ಚೈತ್ರ ವೈಶಾಖಗಳ ಬಿಡುವಿನಲ್ಲಿ ಏಕೆ ಮಾಡಬಾರದು? ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್, ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ದುಬಾರಿಯ ಮದ್ದುಗಳಲ್ಲ. ಇಷ್ಟು ಮಾತ್ರೆ ಒಟ್ಟಿಗೆ ಕೊಟ್ಟರೆ ಜನ ಕಳೆದುಹಾಕುತ್ತಾರೆ, ಅವಧಿ ಮೀರುತ್ತದೆ ಎಂಬ ಅಧಿಕಾರಿಗಳ ಸಂದೇಹಕ್ಕೂ ಉತ್ತರವಿದೆ: ದಿನವೂ ನುಂಗುವ ಮಾತ್ರೆ ಅವಧಿ ಮೀರುವವರೆಗೆ ಉಳಿಯುವುದಿಲ್ಲ, ಹಳೆಯದನ್ನು ಮೊದಲು ತೆಗೆದು ಹೊಸದನ್ನು ಹಿಂದಕ್ಕೆ ಇಡುವ ಕ್ರಮವನ್ನು ಅಕ್ಕಿಯ ವಿಷಯದಲ್ಲಿ ಅರಿತ ಮನೆ ಮಾತ್ರೆಯ ವಿಷಯದಲ್ಲಿಯೂ ಅರಿಯಬಲ್ಲುದು. ಇನ್ಸುಲಿನ್ನಿನ ವಿಚಾರ ಮಾತ್ರ ಬೇರೆ. ಬಳಕೆಯಲ್ಲಿರುವ ಸೀಸೆ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಉಳಿದೀತು. ಒಡೆಯದ ಸೀಸೆಗೆ 2ರಿಂದ 8 ಡಿಗ್ರಿಯ ಶೈತ್ಯ ಅವಶ್ಯ. ಗಾಳಿಮಳೆಗೆ ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಆ ಸಂಗ್ರಹವನ್ನು ಮನೆಯ ತಲೆಗೆ ಕಟ್ಟದೆ ಹತ್ತಿರದ ಆರೋಗ್ಯ ಕೇಂದ್ರವೇ ವಹಿಸಿಕೊಳ್ಳಬೇಕು.

ಇನ್ನು ಸಾಮಾನ್ಯ ಸಂಸಾರವು ಏನನ್ನು ಇಟ್ಟುಕೊಳ್ಳಬೇಕೆಂಬುದು ಬಹು ಸರಳ. ಇಲಾಖೆಯವರು ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಅರ್ಧ ಗಂಟೆಯೂ ಹಿಡಿಯದು. ಜ್ವರ ಅಳೆಯುವ ಥರ್ಮಾಮೀಟರು, ಪ್ಯಾರಾಸಿಟಮಾಲ್ ಮಾತ್ರೆ, ಮಕ್ಕಳಿದ್ದರೆ ಅವರ ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಂಡು ಅದರ ದ್ರವೌಷಧ, ಓಆರ್‌ಎಸ್ ಪೊಟ್ಟಣಗಳು, ಸಾಬೂನು, ಮುಖಗವಸು, ಅನುಕೂಲವಿದ್ದರೆ ಬೆರಳಿಗೆ ಸಿಕ್ಕಿಸಿ ಆಮ್ಲಜನಕದ ಪ್ರಮಾಣ ನೋಡುವ ಪುಟ್ಟ ಯಂತ್ರ. ವಯಸ್ಕರು ಪ್ಯಾರಾಸಿಟಮಾಲನ್ನು ದಿನಕ್ಕೆ 4 ಗ್ರಾಂ ಮೀರಿ, ಎಂದರೆ 500 ಮಿಲಿಗ್ರಾಮಿನ ಎಂಟು ಮಾತ್ರೆಗಳನ್ನು ಮೀರಿ, ಎಂದಿಗೂ ಸೇವಿಸತಕ್ಕದ್ದಲ್ಲ. ಶೀತದ ಮಾತ್ರೆಗಳಲ್ಲಿಯೂ ಅದೇ ದ್ರವ್ಯ ಸೇರಿರುವುದರಿಂದ ಎರಡನ್ನೂ ಕೂಡಿಯೇ ಲೆಕ್ಕವಿಡಬೇಕು. ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಜ್ವರದ ಮೂಲ ತಿಳಿಯುವ ಮೊದಲು ಮುಟ್ಟದಿರುವುದೇ ಲೇಸು. ಸಿದ್ದಾಪುರ, ಶಿರಸಿಗಳ ಕಡೆ ಅದು ಮಂಗನ ಕಾಯಿಲೆಯೋ ಡೆಂಗಿಯೋ ಆಗಿದ್ದರೆ ಅವು ರಕ್ತಸ್ರಾವವನ್ನು ಹೆಚ್ಚಿಸಿಯಾವು. ಮಕ್ಕಳಿಗಂತೂ ಇನ್‌ಫ್ಲುಯೆಂಜಾದಲ್ಲಿ ಆಸ್ಪಿರಿನ್ ಸರ್ವಥಾ ಸಲ್ಲದು.

ಇಡುವ ಜಾಗದ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಎಲ್ಲವನ್ನೂ ಒಣಗಿಸಿಡುವ ನಮ್ಮ ಒಲೆಯ ಮೇಲಣ ಅಟ್ಟ ಮೆಣಸಿಗೆ ಒಳ್ಳೆಯದು, ಮಾತ್ರೆಗೆ ಒಳ್ಳೆಯದಲ್ಲ. ಬಿಸಿಯಿಂದ ಅದರ ಗುಣ ಕೆಡುತ್ತದೆ. ಭದ್ರವಾದ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ನಿಲುಕದ ತಂಪು ಗೋಡೆಯ ಗೂಡಿನಲ್ಲಿಡುವುದು ವಾಸಿ. ಔಷಧದಂಗಡಿಯವರು ಹತ್ತರ ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟಾಗ, ಅವಧಿಯ ತಾರೀಖು ಹೆಚ್ಚಾಗಿ ಉಳಿದ ತುಂಡಿನಲ್ಲಿಯೇ ಅಂಗಡಿಯಲ್ಲಿ ಉಳಿಯುತ್ತದೆ. ಮನೆಗೆ ಬಂದುದು ಹೆಸರೂ ಪೂರ್ತಿಯಿಲ್ಲದ ಬೆಳ್ಳಿಕಾಗದದ ಚೂರು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಇಂಥ ಚೂರುಗಳೇ ಔಷಧದ ಪೆಟ್ಟಿಗೆಯಾಗಿವೆ. ಪೂರ್ತಿ ಪಟ್ಟಿ ಕೊಳ್ಳಲಾಗದ ಬಡವರಿಗೆ ಹೆಸರು, ಪ್ರಮಾಣ, ಅವಧಿಗಳನ್ನು ಕನ್ನಡದಲ್ಲಿ ಬರೆದ ಲಕ್ಕೋಟೆಯಲ್ಲಿ ಹಾಕಿ ಕೊಡುವುದನ್ನು ಔಷಧ ನಿಯಂತ್ರಣ ಇಲಾಖೆಯವರು ಕಟ್ಟುನಿಟ್ಟಾಗಿ ಜಾರಿಗೆ ತರಬೇಕು.

ಸಂಗ್ರಹವೆಂದೊಡನೆ ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುವವರನ್ನು ನಾನು ಸಮರ್ಥಿಸುವುದಿಲ್ಲ. 2020ರ ಮಾರ್ಚಿನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆಗೆ ಜನ ಮುಗಿಬಿದ್ದು, ಸಂಧಿವಾತ ಮತ್ತು ಲೂಪಸ್ ರೋಗಿಗಳಿಗೆ ನಿತ್ಯದ ಮದ್ದೇ ದುರ್ಲಭವಾಯಿತು. ಆ ತಿಂಗಳು ಮುಗಿಯುವುದರೊಳಗೆ ಸರಕಾರ ಅದರ ಮಾರಾಟಕ್ಕೆ ಕಡಿವಾಣ ಹಾಕಬೇಕಾಯಿತು. ಅಜಿತ್ರೋಮೈಸಿನ್ ಮೊದಲಾದ ಆಂಟಿಬಯಾಟಿಕ್‌ಗಳು ವಿಷಾಣುವಿನ ಮೇಲೆ ಕೆಲಸಮಾಡುವುದಿಲ್ಲ; ಜ್ವರದ ಹಿಂದೆಯೇ ಬರುವ ನ್ಯುಮೋನಿಯಾಕ್ಕೆ ಅವು ಬೇಕಾದರೂ ಅದನ್ನು ನಿರ್ಣಯಿಸತಕ್ಕವರು ವೈದ್ಯರು. ಒಸೆಲ್ಟಾಮಿವಿರ್ ಕೂಡ ಚೀಟಿಯಿಲ್ಲದೆ ಕೊಳ್ಳುವ ವಸ್ತುವಲ್ಲ. ಆದರೆ ಜ್ವರ ಬಂದ 48 ಗಂಟೆಗಳೊಳಗೆ ಆರಂಭಿಸಿದರೆ ಅದರ ಫಲ ಹೆಚ್ಚೆಂಬುದನ್ನು ನೆನೆದಾಗ, ಅದು ತಾಲೂಕು ಆಸ್ಪತ್ರೆಯಲ್ಲಿ ಮಾತ್ರವಲ್ಲದೆ ಕಾಡಂಚಿನ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿಯೂ ಇರಬೇಕೆಂದು ಕೇಳುವುದು ಅತಿಯಾಸೆಯಾಗಲಾರದು.

ಆದುದರಿಂದ ಜಿಲ್ಲಾ ಆಡಳಿತಕ್ಕೆ ನನ್ನ ವಿಜ್ಞಾಪನೆಯಿಷ್ಟು: ಬರುವ ಮೇ ತಿಂಗಳ ಕೊನೆಯೊಳಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ದೀರ್ಘ ವ್ಯಾಧಿಯವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರಿಂದ ಸಿದ್ಧಪಡಿಸಿ, ಮಳೆಯಲ್ಲಿ ದಾರಿ ಕಡಿಯುವ ಊರುಗಳಿಂದ ಮೊದಲುಗೊಂಡು, ವೈದ್ಯರು ಯೋಗ್ಯವೆಂದು ಬರೆದವರಿಗೆಲ್ಲ ಮೂರು ತಿಂಗಳ ಮಾತ್ರೆಯನ್ನು ಮನೆಗೇ ಮುಟ್ಟಿಸಲಿ, ಅದರ ಜೊತೆಗೆ ಒಂದು ಪಟ್ಟಿ ಪ್ಯಾರಾಸಿಟಮಾಲನ್ನೂ ನಾಲ್ಕು ಓಆರ್‌ಎಸ್ ಪೊಟ್ಟಣಗಳನ್ನೂ, ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಮಗು ಹಾಲು ಬಿಟ್ಟರೆ, ಇಳಿದ ಜ್ವರ ಮರುಕಳಿಸಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂದು ದಪ್ಪಕ್ಷರದಲ್ಲಿ ಅಚ್ಚಾದ ಒಂದು ಹಾಳೆಯನ್ನೂ ಕೊಡಲಿ. ಹೆಚ್ಚಿನ ಈ ದುಡಿಮೆಗೆ ಆಶಾ ಕಾರ್ಯಕರ್ತೆಯರಿಗೆ ತಕ್ಕ ಸಂಭಾವನೆಯನ್ನು ಬೇರೆಯಾಗಿ, ಸಕಾಲದಲ್ಲಿ ಪಾವತಿಮಾಡಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಕಿರವತ್ತಿ, ಯಲ್ಲಾಪುರ ತಾಲೂಕು